ಎಷ್ಟು ಬೇಗ ಅಲ್ಲ, ಹೇಗೆ

ಮಹಾನಗರದ ಧಾವಂತದಲ್ಲಿರುವ ನಾವು ದಂತವೈದ್ಯರನ್ನು ಮೊದಲು ಕೇಳುವುದು, ರೂಟ್ ಕೆನಾಲ್ ಒಂದೇ ಭೇಟಿಯಲ್ಲಿ ಮುಗಿಯುವುದೇ ಎಂದು. ಆದರೆ ಚಿಕಿತ್ಸೆಯ ಫಲ ನಿಂತಿರುವುದು ಭೇಟಿಗಳ ಎಣಿಕೆಯ ಮೇಲಲ್ಲ. ಬೇರಿನ ನಾಳಗಳನ್ನು ಎಷ್ಟು ಚೆನ್ನಾಗಿ ತೊಳೆದು, ಎಷ್ಟು ಬಿಗಿಯಾಗಿ ಮುಚ್ಚಲಾಯಿತು ಎಂಬುದರ ಮೇಲೆ. ಮೇಲ್ದವಡೆಯ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಬೇರುಗಳು ಮೂರು, ನಾಳಗಳು ಅನೇಕ ವೇಳೆ ನಾಲ್ಕು. ಆ ನಾಲ್ಕನೆಯದನ್ನು ಹುಡುಕದೆ ಬಿಟ್ಟರೆ ಸೋಂಕು ಅಲ್ಲಿಯೇ ಉಳಿದೀತು. ಜೊಲ್ಲು ಒಳಸೇರದಂತೆ ತಡೆಯುವ ತೆಳುಹಾಳೆ, ರಬ್ಬರ್ ಡ್ಯಾಮ್, ಬಳಕೆಗೆ ಬಂದದ್ದು 1864ರಲ್ಲಿ. ಇಂದಿಗೂ ಅದನ್ನು ಕೈಬಿಡುವವರುಂಟು. ಹೊಸ ಯಂತ್ರಗಳು ಕೈಗೆ ನೆರವಾದಾವು, ತಾಳ್ಮೆಗೆ ಬದಲಿಯಾಗಲಾರವು. ನೋವು ಅಡಗಿದೊಡನೆ ಕ್ಯಾಪ್ ಹಾಕಿಸುವುದನ್ನು ಮುಂದೂಡುವ ನಾವೂ ನಿರ್ದೋಷಿಗಳಲ್ಲ. ಹಲ್ಲು ಉಳಿಯಬೇಕಾದರೆ ವೈದ್ಯರಿಗೆ ಸಮಯ ಕೊಡೋಣ. ರಬ್ಬರ್ ಡ್ಯಾಮ್ ಬಳಸುವಿರಾ ಎಂದು ಕೇಳಲು ಸಂಕೋಚಪಡದಿರೋಣ.