ಲಿಫ್ಟ್ ಇರುವ ಕೋಟೆ
ಜಪಾನಿನ ಒಸಾಕಾಕ್ಕೆ ಮೊದಲ ಸಲ ಹೋದವರು ಪೆಚ್ಚಾಗುವುದು ಕೋಟೆಯ ಗೋಪುರದೊಳಗೆ. ಹೊರಗೆ ಹಸಿರು ಮಾಡು, ಚಿನ್ನದ ಹುಲಿ. ಒಳಗೆ ಲಿಫ್ಟು, ಗಾಜಿನ ಪೆಟ್ಟಿಗೆಗಳು, ಅಂಗಡಿ. ಸೇನಾನಿ ಹಿದೆಯೋಶಿ 1583ರಲ್ಲಿ ಕಟ್ಟಲು ತೊಡಗಿದ್ದು 1615ರ ಯುದ್ಧದಲ್ಲಿ ಸುಟ್ಟುಹೋಯಿತು. ಆಮೇಲೆ ದೇಶ ಆಳಿದ ತೊಕುಗಾವಾ ಮನೆತನ ಮತ್ತೆ ಎಬ್ಬಿಸಿದ ಗೋಪುರ 1665ರಲ್ಲಿ ಸಿಡಿಲಿಗೆ ಬಲಿ. ಈಗಿನದು 1931ರ ಕಾಂಕ್ರೀಟು, ಅದೂ ಊರವರ ದೇಣಿಗೆಯಿಂದ ಎದ್ದದ್ದು. (ದುಡ್ಡು ಕೊಟ್ಟವರಿಗೆ ಅದು ನಕಲಿ ಅನಿಸಿರಲಿಕ್ಕಿಲ್ಲ.) ‘ಮೋಸ’ ಎಂದು ಗೊಣಗುವವರ ಮೇಲೆ ನನ್ನ ತಕರಾರು ಇಷ್ಟೇ: ಕತ್ತೆತ್ತಿ ನೋಡಿದರು, ಬುಡ ನೋಡಲಿಲ್ಲ. ಕೋಟೆಯ ಸಕುರಾ ಬಾಗಿಲು ದಾಟಿದೊಡನೆ ಎದುರಾಗುವ ಗೋಡೆಯಲ್ಲಿ ನೂರು ಟನ್ ಮೀರಬಹುದೆಂದು ಅಂದಾಜಿರುವ ಒಂದೇ ಬಂಡೆಯಿದೆ. ತೊಕುಗಾವಾ ಕಾಲದಲ್ಲಿ ಒಕಾಯಾಮಾ ಕಡೆಯಿಂದ ಸಮುದ್ರದ ಮೇಲೆ ತಂದದ್ದು. ಅಸಲಿ ಹಳಮೆ ಬೇಕಾದವರು ಅಲ್ಲಿ ನಿಲ್ಲಲಿ. ಗೋಪುರಕ್ಕಿರುವ ಟಿಕೆಟ್ಟು ಅದಕ್ಕಿಲ್ಲ.