ಬೆಂಚು ಆಮೇಲೆ ಹಾಕಿ
ಈ ವಾರ ಬೆಂಗಳೂರಿಗೆ ಹೋದವನು ಶಾಂತಿನಗರದ ಹತ್ತಿರ ಕೆ-100 ರಾಜಕಾಲುವೆಯ ದಂಡೆ ನೋಡಿಬಂದೆ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಇಳಿಯುವ ಕಾಲುವೆಗೆ ಕಲ್ಲುಹಾಸು, ನಡೆದಾಡುವ ದಾರಿ, ಗಿಡ ಎಲ್ಲ ಬಂದಿವೆ, ಚೆಂದವೇ. ಆದರೆ ಅದರ ತಲೆಯ ಮೇಲಿದ್ದ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ ಎಷ್ಟು ಕಾಲವಾಯಿತೋ, ಅಲ್ಲಿಂದ ನೀರು ಬರುವುದೆಲ್ಲಿ! ದಕ್ಷಿಣ ಕೊರಿಯಾದ ಸೋಲ್ ನಗರ ಮೇಲ್ಸೇತುವೆ ಕಿತ್ತು 2005ರಲ್ಲಿ ಚೊಂಗ್ಯೆಚೊನ್ ತೊರೆಯನ್ನು ಬಯಲಿಗೆ ತಂದಿತು. ಅದಕ್ಕೂ ಹಾನ್ ನದಿಯಿಂದ ಪಂಪು ಮಾಡಿದ ನೀರೇ ಆಸರೆ. ಆದರೆ ನಮ್ಮ ಬೆಳುಗುಪ್ಪದ ಕಡೆಯ ಹಗರಿ ಹೊಳೆ ವರ್ಷದ ಬಹುಪಾಲು ಬರೀ ಮರಳು, ಯಾರೂ ಅದನ್ನು ಸತ್ತಿತು ಅನ್ನುವುದಿಲ್ಲ. ತೊರೆ ಬತ್ತಿದರೆ ತಪ್ಪಿಲ್ಲ, ಅದರಲ್ಲಿ ಕಕ್ಕಸಿನ ನೀರು ಹರಿದರೆ ತಪ್ಪು. ಇಂಥ ಯೋಜನೆಯ ಅಸಲಿ ಕೆಲಸ ಫೋಟೋದಲ್ಲಿ ಕಾಣದು: ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವುದು. ಬೆಂಚು ಆಮೇಲೆ ಹಾಕಿ ಸ್ವಾಮಿ, ಮೊದಲು ಮೇಲಿನ ಬೀದಿಗಳ ಒಳಚರಂಡಿಯನ್ನು ಕಾಲುವೆಯಿಂದ ಬಿಡಿಸಿ.