ಮಳೆ ಲೆಕ್ಕದ ಕೋಡ್ ಎಲ್ಲರಿಗೂ ಕಾಣಲಿ

ನಾಗಸಂದ್ರದಲ್ಲಿ ಎಷ್ಟು ಮಳೆ ಆಗುತ್ತೆ? ಕೇಳೋಕೆ ಸುಲಭದ ಪ್ರಶ್ನೆ. ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದಿನವಹಿ ಮಳೆಯ ಡೇಟಾವನ್ನು ಉಚಿತವಾಗಿ ಕೊಡುತ್ತದೆ. ದೇಶವನ್ನು 0.25 ಡಿಗ್ರಿಯ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ದಿನಕ್ಕೊಂದು ಸಂಖ್ಯೆ. ಚೌಕದ ಬದಿ ಸುಮಾರು 27 ಕಿ.ಮೀ. ಅಂದರೆ ನಾಗಸಂದ್ರ, ಪೀಣ್ಯ, ಹೆಬ್ಬಾಳ, ಮೆಜೆಸ್ಟಿಕ್ ಎಲ್ಲಕ್ಕೂ ಒಂದೇ ಸಂಖ್ಯೆ! ಪೀಣ್ಯದಲ್ಲಿ ಜೋರು ಮಳೆ ಹೊಡೀತಿರುವಾಗ ಮೆಜೆಸ್ಟಿಕ್‌ನಲ್ಲಿ ಬಿಸಿಲಿರೋದನ್ನ ನಾವೆಲ್ಲ ನೋಡಿದ್ದೀವಿ.

ಇದು ಹಿಂದಿನ ಮಳೆಯ ಮಾತು. ಮುಂದಿನ ಮಳೆ ತಿಳಿಯಬೇಕಾದರೆ ಹವಾಮಾನ ಮಾದರಿಗಳ ಮೊರೆ ಹೋಗಬೇಕು. ಜಗತ್ತಿನ ಸಂಶೋಧನಾ ಕೇಂದ್ರಗಳು ಸೇರಿ ನಡೆಸಿದ ಸಿಎಂಐಪಿ6 ಯೋಜನೆಯ ಡೇಟಾ ಎಲ್ಲರಿಗೂ ಸಿಗುತ್ತೆ. ಪುಣೆಯ ಐಐಟಿಎಂ ಮಾದರಿಯೂ ಅದರಲ್ಲಿದೆ. ಆದರೆ ಅಲ್ಲಿನ ಎಷ್ಟೋ ಮಾದರಿಗಳ ಚೌಕ 100 ಕಿ.ಮೀ. ಅಥವಾ ಅದಕ್ಕಿಂತ ದೊಡ್ಡದು. ತುಮಕೂರಿನಿಂದ ಹೊಸೂರಿನವರೆಗೆ ಒಂದೇ ಚೌಕದಲ್ಲಿ ಸೇರಿಹೋಗಬಹುದು.

ಈ ಡೇಟಾ ಬಿಡಿಸೋ ಸಲಕರಣೆಗಳೂ ಉಚಿತ. ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಿಡಿಒ ಇದೆ, ಪೈಥಾನ್ ಬಲ್ಲವರಿಗೆ ಎಕ್ಸ್‌ಅರೇ ಇದೆ. ಹವಾಮಾನ ಇಲಾಖೆಯ ಫೈಲುಗಳಿಗೆಂದೇ ಐಎಂಡಿಲಿಬ್ ಇದೆ. ಎಲ್ಲವೂ ಓಪನ್ ಸೋರ್ಸ್. ಸಾಧಾರಣ ಲ್ಯಾಪ್‌ಟಾಪ್ ಸಾಕು, ಕಾಲೇಜು ಬಿಟ್ಟ ಮೇಲೆ ಲೈಸೆನ್ಸ್ ಮುಗೀತು ಅನ್ನೋ ತಲೆನೋವೂ ಇಲ್ಲ.

ಓಪನ್ ಸೋರ್ಸ್ ಅಂದ್ರೆ ಪುಕ್ಕಟೆ ಅಂತಷ್ಟೇ ತಿಳ್ಕೊಂಡಿದ್ದೀವಿ ನಾವು. ನಿಜವಾದ ಲಾಭ ಬೇರೆ: ಲೆಕ್ಕ ಹೇಗೆ ಮಾಡಿದ್ದು ಅಂತ ಬೇರೆಯವರು ತೆರೆದು ನೋಡಬಹುದು. ಹವಾಮಾನದ ಡೇಟಾಗೆ ಇದು ಯಾಕೆ ಬೇಕು ಅನ್ನೋದಕ್ಕೆ ಮೂರು ಉದಾಹರಣೆ ನೋಡಿ.

ಒಂದು, ಅಳತೆ. ಮಾದರಿಗಳು ಮಳೆಯನ್ನು ಮಿ.ಮೀ.ನಲ್ಲಿ ಕೊಡೋದಿಲ್ಲ, ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಕಿಲೋಗ್ರಾಂ ಅಂತ ಕೊಡುತ್ತವೆ. 86,400ರಿಂದ ಗುಣಿಸಿದರೆ ಮಾತ್ರ ದಿನಕ್ಕೆ ಎಷ್ಟು ಮಿ.ಮೀ. ಅಂತ ತಿಳಿಯುತ್ತೆ.

ಎರಡು, ಕ್ಯಾಲೆಂಡರ್. ಬ್ರಿಟನ್ನಿನ ಯುಕೆಇಎಸ್‌ಎಂ1 ಮಾದರಿಯಲ್ಲಿ ವರ್ಷಕ್ಕೆ 360 ದಿನ, ಫೆಬ್ರವರಿ 30 ಕೂಡ ಬರುತ್ತೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಓದಿದರೆ ದಿನಗಳು ಜರುಗುತ್ತವೆ.

ಮೂರು, ಗ್ರಿಡ್ ಬದಲಾವಣೆ. ಎರಡು ಡೇಟಾ ಹೋಲಿಸಲು ಚಿಕ್ಕ ಚೌಕಗಳನ್ನು ಸರಾಸರಿ ಮಾಡಿ ದೊಡ್ಡದಕ್ಕೆ ಹೊಂದಿಸುತ್ತೇವೆ. ಆಗ ಒಟ್ಟು ಮಳೆ ಸರಿಯಾಗೇ ಇರಬಹುದು, ಆದರೆ ಒಂದೇ ಕಡೆ ಸುರಿದ ಭಾರಿ ಮಳೆ ಸಾಧಾರಣ ಮಳೆಯಾಗಿ ಕಾಣುತ್ತೆ.

ರಸ್ತೆ ಮುಳುಗಿಸೋದು ವರ್ಷದ ಸರಾಸರಿ ಅಲ್ಲ, ಆ ಒಂದು ಗಂಟೆಯ ಮಳೆ. ಇಂಥ ಲೆಕ್ಕ ನಂಬಿ ದಾಸರಹಳ್ಳಿ ಕಡೆಯ ಒಂದು ಚರಂಡಿಯ ಅಗಲ ನಿರ್ಧಾರವಾದರೆ? ವರದಿಯಲ್ಲಿ ಬಣ್ಣಬಣ್ಣದ ನಕ್ಷೆ ಇರುತ್ತೆ. ಆ ನಕ್ಷೆಯ ಹಿಂದೆ ಏನೇನು ನಡೆದಿದೆ ಅಂತ ಕೋಡ್ ಇಲ್ಲದೆ ಯಾರಿಗೂ ಗೊತ್ತಾಗಲ್ಲ. ಮನೆಗೆ ನೀರು ನುಗ್ಗಿದವರಿಗಂತೂ ಕೇಳೋ ದಾರಿಯೇ ಇರಲ್ಲ.

ಅದಕ್ಕೇ ನನ್ನ ವಾದ ಇಷ್ಟು: ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಮಳೆ, ತಾಪಮಾನ ಲೆಕ್ಕ ಹಾಕೋ ಪ್ರತಿ ತಂಡವೂ ತನ್ನ ಕೋಡನ್ನು ಬಯಲಿಗಿಡಬೇಕು. ಯಾವ ಫೈಲು, ಸಾಫ್ಟ್‌ವೇರಿನ ಯಾವ ಆವೃತ್ತಿ, ಗ್ರಿಡ್ ಬದಲಿಸಿದ್ದು ಹೇಗೆ, ಇವನ್ನೂ ಬರೆದಿಡಬೇಕು. ಕನ್ನಡದಲ್ಲಿ ಒಂದು ಪುಟದ ವಿವರಣೆ ಇದ್ದರೆ ಇನ್ನೂ ಚೆನ್ನ, ಪಂಚಾಯಿತಿಯವರೂ ಓದಬಹುದು.

"ಕೋಡ್ ಕೊಟ್ಟರೆ ಜೂನಿಯರ್‌ಗಳು ಕಾಪಿ ಹೊಡೀತಾರೆ" ಅನ್ನೋರು ಇದ್ದಾರೆ. ಕಾಪಿ ಈಗ ನಡೀತಿಲ್ವಾ? ಮುಚ್ಚಿಟ್ಟ ವರದಿಗಳಲ್ಲೇ ಅದು ಸಲೀಸು. ಗಿಟ್‌ನಲ್ಲಿಟ್ಟ ಕೋಡಿಗೆ ಯಾರು ಯಾವಾಗ ಏನು ಬರೆದರು ಅನ್ನೋ ದಾಖಲೆ ಇರುತ್ತೆ. ಜೂನಿಯರ್‌ಗಳು ಅದನ್ನೇ ತಗೊಂಡು ಮುಂದೆ ಬೆಳೆಸಲಿ, ತಪ್ಪಿದ್ದರೆ ತಿದ್ದಲಿ. ಪ್ರತಿ ವರ್ಷ ಸೊನ್ನೆಯಿಂದ ಶುರು ಮಾಡೋದು ತಪ್ಪುತ್ತೆ.

ಮಾಡೋ ಕೆಲಸವೂ ಬೇಕಾದಷ್ಟಿದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಅಲ್ಲಿಂದ ಅಳತೆ ಕೇಳಿ ಪಡೆದು, ನಮ್ಮ ಆ 27 ಕಿ.ಮೀ. ಚೌಕದ ಸಂಖ್ಯೆಯ ಪಕ್ಕ ಇಟ್ಟು ನೋಡೋಣ. ಚೌಕ ಎಷ್ಟು ಮಳೆಯನ್ನು ಬಚ್ಚಿಡುತ್ತೆ ಅಂತ ನಮ್ಮೂರಿನ ಲೆಕ್ಕದಲ್ಲೇ ತಿಳಿಯುತ್ತೆ. ಈ ಸಲದ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ಇಲ್ಲಿಂದಲೇ ಶುರು ಮಾಡಬಹುದು.